ಬೆಂಗಳೂರು ಬಿಟ್ಟು ಮೈಸೂರಿಗೆ ಹೋಗಬೇಕೆ? ತೀರ್ಮಾನಕ್ಕೆ ಮುನ್ನ ಹಾಕಬೇಕಾದ ಲೆಕ್ಕಗಳು

ಬೆಂಗಳೂರಿನ ಓಡಾಟ, ಬಾಡಿಗೆ, ನೀರಿನ ಟ್ಯಾಂಕರ್ ಎಲ್ಲ ಸಾಕಾಗಿದೆ, ಮೈಸೂರಿಗೆ ಹೋಗಿ ನೆಲೆಸಬಹುದೇ ಎಂದು ಕೇಳುವ ಓದುಗರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಕೇಳುವವರಲ್ಲಿ ಬಹುತೇಕರು ಮೂವತ್ತು ದಾಟಿದವರು, ಶಾಲೆಗೆ ಹೋಗುವ ಮಕ್ಕಳಿರುವವರು, ಮನೆಯಲ್ಲಿ ವಯಸ್ಸಾದ ತಂದೆತಾಯಿ ಇರುವವರು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಇಡೀ ತೀರ್ಮಾನವನ್ನು ಹಂತ ಹಂತವಾಗಿ ಇಲ್ಲಿ ಬಿಡಿಸಿಟ್ಟಿದ್ದೇನೆ. ಮೈಸೂರನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಹುಬ್ಬಳ್ಳಿಗೋ ಮಂಗಳೂರಿಗೋ ಶಿವಮೊಗ್ಗಕ್ಕೋ ಹೊರಟವರಿಗೂ ಹಂತಗಳು ಇವೇ, ಊರಿನ ವಿವರಗಳು ಮಾತ್ರ ಬೇರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಊರು ಬದಲಿಸಿ ಕಷ್ಟಕ್ಕೆ ಸಿಲುಕುವವರಲ್ಲಿ ಹೆಚ್ಚಿನವರು ಊರಿನ ಆಯ್ಕೆಯಲ್ಲಿ ತಪ್ಪುವುದಿಲ್ಲ. ಮನೆಯನ್ನು ಮೈಸೂರಿಗೆ ಸಾಗಿಸಿ, ಕೆಲಸವನ್ನು ಬೆಂಗಳೂರಿನಲ್ಲೇ ಉಳಿಸಿಕೊಂಡು, ನಡುವೆ ತಾವು ಓಡಾಡುವ ಅರ್ಧ ವಲಸೆಯೇ ಅವರನ್ನು ಹಣ್ಣು ಮಾಡುತ್ತದೆ. ಆದ್ದರಿಂದ ಕೆಲಸ ನಿಮ್ಮ ಜೊತೆ ಬರುತ್ತದೆ ಎಂಬುದು ಕಾಗದದ ಮೇಲೆ ಖಚಿತವಾಗುವ ತನಕ ಮನೆ ಹುಡುಕಲು ಹೊರಡಬೇಡಿ.

ಕೂರುವ ಮುನ್ನ ಇವಿಷ್ಟನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ: ನಿಮ್ಮ ಮತ್ತು ನಿಮ್ಮ ಬಾಳಸಂಗಾತಿಯ ಮೂರು ತಿಂಗಳ ಸಂಬಳದ ಚೀಟಿ, ನೇಮಕಾತಿ ಪತ್ರ, ಮೂರು ತಿಂಗಳ ಬ್ಯಾಂಕ್ ವಿವರ, ಈಗಿನ ಮನೆಯ ಬಾಡಿಗೆ ಕರಾರು, ಆರೋಗ್ಯ ವಿಮೆಯ ಪತ್ರ, ಮಕ್ಕಳ ಶಾಲೆಯ ಶುಲ್ಕದ ರಸೀದಿ. ಅಂದಾಜಿನ ಲೆಕ್ಕ ಸಾಲದು. ಓಡಾಟಕ್ಕೆ ಎಷ್ಟು ಖರ್ಚಾಗುತ್ತಿದೆ ಎಂಬುದು ಬ್ಯಾಂಕ್ ವಿವರ ನೋಡುವ ತನಕ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

1. ಬಿಡಬೇಕಾದದ್ದು ಊರನ್ನೋ, ಬಡಾವಣೆಯನ್ನೋ?

ಬೆಂಗಳೂರು ಬಿಡಲು ನಿಮಗಿರುವ ಕಾರಣಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ, ಇದು ಊರು ಬಿಟ್ಟರೆ ಮಾತ್ರ ಬಗೆಹರಿಯುತ್ತದೆಯೇ ಅಥವಾ ಬೇರೆ ಬಡಾವಣೆಗೆ ಹೋದರೂ ಬಗೆಹರಿಯುತ್ತದೆಯೇ ಎಂದು ಗುರುತು ಹಾಕಿ.

ಕಚೇರಿಗೆ ಹೋಗಿಬರುವುದೇ ಮುಖ್ಯ ತೊಂದರೆಯಾಗಿದ್ದರೆ ಮೆಟ್ರೊ ನಿಲ್ದಾಣದ ಹತ್ತಿರದ ಮನೆ ಅದನ್ನು ನೀಗಿಸಬಹುದು. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ಸ್ ಸಿಟಿ, ಬೊಮ್ಮಸಂದ್ರದ ಕಡೆಗೆ ಹೋಗುವವರ ದಿನಚರಿಯೇ ಬದಲಾಗಿದೆ. ಊರಿಗೆ ಊರನ್ನೇ ಬದಲಿಸುವುದಕ್ಕಿಂತ ಇದು ಎಷ್ಟೋ ಕಡಿಮೆ ಖರ್ಚಿನ ದಾರಿ.

ಆದರೆ ನಿಮ್ಮ ಪಟ್ಟಿಯಲ್ಲಿರುವುದು ಹಿರಿಯರ ಜೊತೆ ಇರಬೇಕು, ಸಂಜೆ ಮಕ್ಕಳೊಡನೆ ಎರಡು ಗಂಟೆ ಸಿಗಬೇಕು, ಮುಂದೆ ಸ್ವಂತ ಮನೆ ಕಟ್ಟುವಷ್ಟು ಜಾಗ ಕೈಗೆಟುಕಬೇಕು ಎಂಬಂಥ ಕಾರಣಗಳಾದರೆ ಅವು ಊರಿನ ಜೊತೆಗೇ ಬಂದ ಕಾರಣಗಳು. ಮುಂದಿನ ಹಂತಕ್ಕೆ ಹೋಗಿ.

2. ಕೆಲಸವನ್ನು ಕಾಗದಕ್ಕೆ ಇಳಿಸಿ

ಸಾಮಾನ್ಯವಾಗಿ ಮೂರು ದಾರಿಗಳಿವೆ: ಈಗಿನ ಸಂಸ್ಥೆಯ ಮೈಸೂರು ಶಾಖೆಗೆ ವರ್ಗ, ಮನೆಯಿಂದಲೇ ಕೆಲಸ, ಅಥವಾ ಮೈಸೂರಿನಲ್ಲಿ ಹೊಸ ಕೆಲಸ.

ಮನೆಯಿಂದ ಕೆಲಸ ಮಾಡಲು ಮೇಲಧಿಕಾರಿ ಒಪ್ಪಿದ್ದಾರೆ ಎಂಬ ಮಾತನ್ನು ನಂಬಿ ಊರು ಬಿಡಬೇಡಿ. ಮೇಲಧಿಕಾರಿ ಬದಲಾಗುತ್ತಾರೆ, ಸಂಸ್ಥೆಯ ನಿಯಮ ಬದಲಾಗುತ್ತದೆ, ವಾರಕ್ಕೆ ಮೂರು ದಿನ ಕಚೇರಿಗೆ ಬನ್ನಿ ಎಂಬ ಸುತ್ತೋಲೆ ಯಾವ ದಿನ ಬೇಕಾದರೂ ಬರಬಹುದು. ಮಾನವ ಸಂಪನ್ಮೂಲ ವಿಭಾಗಕ್ಕೆ ಮಿಂಚಂಚೆ ಬರೆದು ಈ ನಾಲ್ಕಕ್ಕೆ ಲಿಖಿತ ಉತ್ತರ ಪಡೆಯಿರಿ: ದಾಖಲೆಗಳಲ್ಲಿ ನನ್ನ ಕೆಲಸದ ಸ್ಥಳ ಮೈಸೂರು ಎಂದು ಬದಲಾಗುತ್ತದೆಯೇ? ಸ್ಥಳ ಬದಲಾದರೆ ಸಂಬಳ ಬದಲಾಗುತ್ತದೆಯೇ? ಕಚೇರಿಗೆ ಕರೆದರೆ ಪ್ರಯಾಣದ ಖರ್ಚು ಯಾರದ್ದು? ಈ ಅನುಮತಿಯನ್ನು ಹಿಂಪಡೆಯುವುದಾದರೆ ಎಷ್ಟು ದಿನ ಮುಂಚೆ ತಿಳಿಸುತ್ತೀರಿ? ಉತ್ತರ ಕೊಡಲು ಅವರು ಹಿಂಜರಿದರೆ ಅದನ್ನೇ ಉತ್ತರವೆಂದು ತಿಳಿಯಿರಿ.

ರಾಜೀನಾಮೆ ಕೊಟ್ಟು ಹೊಸ ಕೆಲಸಕ್ಕೆ ಸೇರುವವರು ದಿನಾಂಕದ ಮೇಲೆ ಕಣ್ಣಿಡಬೇಕು. ಕಾಯಂ ನೌಕರರು ಒಂದೇ ಸಂಸ್ಥೆಯಲ್ಲಿ 5 ವರ್ಷ ಪೂರೈಸಿದರೆ ಗ್ರ್ಯಾಚುಟಿ, ಅಂದರೆ ದೀರ್ಘ ಸೇವೆಗೆ ಕೊಡುವ ಉಪದಾನ, ಸಿಗುತ್ತದೆ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಬರುವ ಮೊತ್ತವದು. ನಾಲ್ಕೂವರೆ ವರ್ಷ ಮುಗಿಸಿರುವವರು ಕೆಲವು ತಿಂಗಳು ತಡೆದು ಹೊರಡುವುದು ಲೇಸು. ಭವಿಷ್ಯ ನಿಧಿಯ ಚಿಂತೆ ಬೇಡ. ನಿಮ್ಮ ಯುಎಎನ್, ಅಂದರೆ ಭವಿಷ್ಯ ನಿಧಿಯ ಸಾರ್ವತ್ರಿಕ ಖಾತೆ ಸಂಖ್ಯೆ, ಹಾಗೇ ಇರುತ್ತದೆ. ಹಳೆಯ ಖಾತೆಯ ಹಣವನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಿ, ಹೊರಗೆ ತೆಗೆಯಬೇಡಿ.

3. ಎರಡನೆಯ ಕೆಲಸದ ಪರೀಕ್ಷೆ

ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಮೈಸೂರಿನಲ್ಲಿ ನಿಮಗೆ ಸಿಕ್ಕ ಕೆಲಸ ಎರಡು ವರ್ಷಗಳಲ್ಲಿ ಹೋಯಿತೆಂದು ಇಟ್ಟುಕೊಳ್ಳಿ. ಅದೇ ಊರಿನಲ್ಲಿ ನಿಮ್ಮನ್ನು ತೆಗೆದುಕೊಳ್ಳಬಲ್ಲ ಐದು ಸಂಸ್ಥೆಗಳ ಹೆಸರು ಬರೆಯಲು ನಿಮಗೆ ಸಾಧ್ಯವೇ? ಬೆಂಗಳೂರಿನಲ್ಲಿ ಕೆಲಸ ಬದಲಿಸುವುದೆಂದರೆ ಹೆಚ್ಚೆಂದರೆ ಹತ್ತುವ ಬಸ್ಸನ್ನು ಬದಲಿಸುವುದು. ಚಿಕ್ಕ ಊರಿನಲ್ಲಿ ಕೆಲಸ ಬದಲಿಸುವುದೆಂದರೆ ಮತ್ತೊಮ್ಮೆ ಮನೆ, ಶಾಲೆ, ಊರು ಎಲ್ಲವನ್ನೂ ಬದಲಿಸುವುದಾಗಬಹುದು.

ಮೈಸೂರಿನಲ್ಲಿ ಇನ್ಫೋಸಿಸ್‌ನ ದೊಡ್ಡ ಆವರಣವಿದೆ, ಹೆಬ್ಬಾಳ ಮತ್ತು ಹೂಟಗಳ್ಳಿಯ ಕೈಗಾರಿಕಾ ಪ್ರದೇಶಗಳಿವೆ. ಆಹಾರ ತಂತ್ರಜ್ಞಾನದವರಿಗೆ ಸಿಎಫ್‌ಟಿಆರ್‌ಐ, ವಾಕ್ ಶ್ರವಣ ಕ್ಷೇತ್ರದವರಿಗೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಭಾಷಾ ಕ್ಷೇತ್ರದವರಿಗೆ ಭಾರತೀಯ ಭಾಷಾ ಸಂಸ್ಥಾನ, ಬೋಧಕರಿಗೆ ವಿಶ್ವವಿದ್ಯಾಲಯ ಮತ್ತು ಹತ್ತಾರು ಕಾಲೇಜುಗಳಿವೆ. ಶಿಕ್ಷಕರು, ದಾದಿಯರು, ವೈದ್ಯರು, ಲೆಕ್ಕಪರಿಶೋಧಕರು ಇವರಿಗೆಲ್ಲ ಈ ಪರೀಕ್ಷೆ ಸುಲಭ. ಹಣಕಾಸು ತಂತ್ರಜ್ಞಾನ, ಜಾಹೀರಾತು, ಸ್ಟಾರ್ಟ್‌ಅಪ್‌ಗಳ ಉತ್ಪನ್ನ ವಿಭಾಗ ಇಂಥ ಕಡೆ ಕೆಲಸ ಮಾಡುವವರಿಗೆ ಪಟ್ಟಿ ಎರಡು ಮೂರಕ್ಕೇ ನಿಲ್ಲಬಹುದು. ನಿಂತರೆ ಹೋಗಲೇಬಾರದು ಎಂದೇನಲ್ಲ. ಹೊರಡುವ ಮುನ್ನ ಆರು ತಿಂಗಳ ಖರ್ಚಿಗಾಗುವಷ್ಟು ಹಣವನ್ನು ಬೇರೆಯೇ ಇಟ್ಟುಕೊಂಡು ಹೋಗಬೇಕು.

ಇದೇ ಪರೀಕ್ಷೆಯನ್ನು ನಿಮ್ಮ ಬಾಳಸಂಗಾತಿಗೂ ಮಾಡಿ. ಒಬ್ಬರ ವರ್ಗಾವಣೆಯ ಸಂಭ್ರಮದಲ್ಲಿ ಇನ್ನೊಬ್ಬರ, ಬಹಳ ಸಲ ಹೆಂಡತಿಯ, ಉದ್ಯೋಗವನ್ನು ಅಲ್ಲಿ ಹೋದ ಮೇಲೆ ನೋಡೋಣ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಒಂದು ವರ್ಷ ಬಿಡುವು ಬಿದ್ದ ವೃತ್ತಿಯನ್ನು ಮತ್ತೆ ಹಿಡಿಯುವುದು ಎಷ್ಟು ಕಷ್ಟ ಎಂಬುದು ಆ ದಾರಿ ನಡೆದವರಿಗೆ ಗೊತ್ತು. ಇಬ್ಬರ ಕೆಲಸವೂ ಇತ್ಯರ್ಥವಾಗದೆ ಈ ಹಂತ ಮುಗಿಯಿತೆಂದು ಗುರುತು ಹಾಕಬೇಡಿ.

4. ದಿನಾ ಓಡಾಡುತ್ತೇನೆ ಎನ್ನುವವರಿಗೆ

ಎಕ್ಸ್‌ಪ್ರೆಸ್ ವೇ ಆದ ಮೇಲೆ ಒಂದೂವರೆ ಗಂಟೆಯ ದಾರಿಯಲ್ಲವೇ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಸುಮಾರು 119 ಕಿಲೋಮೀಟರಿನ ಆ ರಸ್ತೆ ನಿಜಕ್ಕೂ ಪ್ರಯಾಣವನ್ನು ಇಳಿಸಿದೆ. ಆದರೆ ಆ ಒಂದೂವರೆ ಗಂಟೆ ಊರ ಅಂಚಿನಿಂದ ಊರ ಅಂಚಿಗೆ. ಮೈಸೂರಿನ ಮನೆಯಿಂದ ಹೊರಬೀಳುವ ಹೊತ್ತನ್ನೂ ಕೆಂಗೇರಿಯಿಂದ ಕಚೇರಿ ತಲುಪುವ ಹೊತ್ತನ್ನೂ ಕೂಡಿಸಿ. ಬಿಡದಿ ಸಮೀಪ ಮತ್ತು ಶ್ರೀರಂಗಪಟ್ಟಣದ ಬಳಿಯ ಗಣಂಗೂರಿನಲ್ಲಿ ಟೋಲ್ ಕಟ್ಟಬೇಕು. ಬೈಕಿನಲ್ಲಿ ಹೋಗುತ್ತೇನೆ ಎನ್ನುವವರು ಗಮನಿಸಿ: 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಸಾಗಬೇಕು.

ರೈಲು ಅಗ್ಗ. ಮಾಸಿಕ ಪಾಸನ್ನು ರೈಲ್ವೆ 150 ಕಿಲೋಮೀಟರ್ ದೂರದವರೆಗೆ ಕೊಡುತ್ತದೆ, ಮೈಸೂರು ಬೆಂಗಳೂರು ನಡುವಿನ ಹಳಿಯ ದೂರ 139 ಕಿಲೋಮೀಟರ್, ಆದ್ದರಿಂದ ಪಾಸ್ ಸಿಗುತ್ತದೆ. ಮೀಸಲು ಬೋಗಿಗಳಲ್ಲಿ ಮತ್ತು ಶತಾಬ್ದಿ, ವಂದೇ ಭಾರತ್‌ನಂಥ ರೈಲುಗಳಲ್ಲಿ ಅದು ನಡೆಯುವುದಿಲ್ಲ.

ಒಂದು ದಿನವನ್ನು ಹತ್ತಿರದಿಂದ ನೋಡೋಣ. ಏಳಕ್ಕೆ ಮೊದಲು ಮೈಸೂರು ಬಿಡುವ ರೈಲು ಹಿಡಿಯಲು ಐದೂಕಾಲಕ್ಕೆ ಏಳಬೇಕು. ಮಕ್ಕಳು ಇನ್ನೂ ಮಲಗಿರುತ್ತಾರೆ. ಮಂಡ್ಯ ಬರುವ ಹೊತ್ತಿಗೆ ಕಾಯ್ದಿರಿಸದ ಬೋಗಿಯಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಕೆಂಗೇರಿಯಲ್ಲಿ ಇಳಿದು ಮೆಟ್ರೊ ಹಿಡಿದರೆ ವೈಟ್‌ಫೀಲ್ಡ್ ತಲುಪಲು ಇನ್ನೂ ಒಂದು ಗಂಟೆಗೂ ಹೆಚ್ಚು ಬೇಕು. ಸಂಜೆ ಆರರ ಮೇಲೆ ಹೊರಡುವ ರೈಲಿಗೆ ಐದಕ್ಕೆಲ್ಲ ಕಚೇರಿ ಬಿಡಬೇಕು, ಹಾಗೆ ಬಿಡುವವರನ್ನು ಕಚೇರಿ ಬಹಳ ದಿನ ಸಹಿಸುವುದಿಲ್ಲ. ಮನೆ ಮುಟ್ಟುವಾಗ ಒಂಬತ್ತೂವರೆ. ಯಾವ ಸಂಜೆಗಳಿಗಾಗಿ ಊರು ಬಿಟ್ಟಿರೋ ಆ ಸಂಜೆಗಳೇ ಇಲ್ಲ.

ವಾರಕ್ಕೆ ಒಂದು ದಿನವಾದರೆ ಇದು ನಡೆಯುತ್ತದೆ. ಎರಡು ದಿನವಾದರೆ ಬೆಂಗಳೂರಿನಲ್ಲಿ ಒಂದು ರಾತ್ರಿ ಉಳಿಯಲು ನೆಂಟರ ಮನೆಯೋ ಪಿಜಿಯೋ ಬೇಕು, ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೂರು ದಿನ ಅಥವಾ ಹೆಚ್ಚಾದರೆ ದಯವಿಟ್ಟು ಹೋಗಬೇಡಿ. ಮಹಿಳೆಯರಿಗೆ ಶಕ್ತಿ ಯೋಜನೆಯಡಿ ಸಾಮಾನ್ಯ ಮತ್ತು ವೇಗದೂತ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ ಎಂಬುದು ನಿಜ, ಆದರೆ ಅದು ಹಣವನ್ನು ಉಳಿಸುತ್ತದೆಯೇ ಹೊರತು ಮೈಯನ್ನು ಉಳಿಸುವುದಿಲ್ಲ.

5. ಹಣದ ಲೆಕ್ಕ: ಬಾಡಿಗೆಗೆ ಬಾಡಿಗೆ ಹೋಲಿಸಿ ನಿಲ್ಲಿಸಬೇಡಿ

ಲೆಕ್ಕ ಹೇಗೆ ಹಾಕಬೇಕೆಂದು ತೋರಿಸಲು ಕೆಲವು ಕಾಲ್ಪನಿಕ ಅಂಕಿಗಳನ್ನು ಇಟ್ಟುಕೊಳ್ಳುತ್ತೇನೆ. ನಿಮ್ಮ ಅಂಕಿಗಳನ್ನು ಇವುಗಳ ಜಾಗದಲ್ಲಿ ತುಂಬಿಕೊಳ್ಳಿ.

ಬೆಂಗಳೂರು: ಕೈಗೆ ಬರುವ ಸಂಬಳ 95,000 ರೂಪಾಯಿ. ನಿರ್ವಹಣಾ ಶುಲ್ಕ ಸೇರಿ ಬಾಡಿಗೆ 30,000, ಓಡಾಟ 7,000, ಶಾಲೆ ಮತ್ತು ಶಾಲಾ ವ್ಯಾನ್ 12,000, ದಿನಸಿ ಹಾಲು ತರಕಾರಿ 15,000, ಇತರೆ 12,000. ಒಟ್ಟು ಖರ್ಚು 76,000, ಉಳಿಯುವುದು 19,000.

ಮೈಸೂರು: ಸಂಬಳ 78,000. ಬಾಡಿಗೆ 17,000, ಓಡಾಟ 3,000, ಶಾಲೆ 10,000, ದಿನಸಿ 14,500, ಇತರೆ 11,500. ಒಟ್ಟು 56,000, ಉಳಿಯುವುದು 22,000. ಕೆಲಸ, ಮದುವೆ, ಆಸ್ಪತ್ರೆ ಎಂದು ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿಬರಲು 4,000 ತೆಗೆದರೆ 18,000.

ಅಂದರೆ ಹೆಚ್ಚು ಕಡಿಮೆ ಸಮ. ದಿನಸಿಯ ಸಾಲನ್ನು ಗಮನಿಸಿ: ಅಕ್ಕಿ, ಎಣ್ಣೆ, ಗ್ಯಾಸ್, ಮೊಬೈಲ್, ವಿಮೆ ಇವು ಊರು ಬದಲಿಸಿದರೆ ಅಗ್ಗವಾಗುವುದಿಲ್ಲ. ಮುಖ್ಯವಾಗಿ ಇಳಿಯುವುದು ಬಾಡಿಗೆ ಮತ್ತು ಓಡಾಟ. ಇನ್ನೊಂದು ಕಡೆ ಸಂಬಳದಲ್ಲಿನ 17,000ದ ಅಂತರ ವರ್ಷಕ್ಕೆ ಶೇಕಡಾ 8ರ ಹೆಚ್ಚಳವಾದರೂ ಐದು ಹೆಚ್ಚಳಗಳ ನಂತರ ಸುಮಾರು 25,000 ಆಗಿರುತ್ತದೆ. ಬೆಂಗಳೂರಿನ ಬಾಡಿಗೆಯೂ ಅಷ್ಟರಲ್ಲಿ ಏರಿರುತ್ತದೆ, ಆದ್ದರಿಂದ ಲೆಕ್ಕವನ್ನು ಇವತ್ತಿಗೂ ಹಾಕಿ, ಐದು ವರ್ಷದ ನಂತರಕ್ಕೂ ಹಾಕಿ. ಸಂಬಳ ಕಡಿತವಿಲ್ಲದೆ ಹೋಗುವವರಿಗೆ ಮಾತ್ರ ಮೈಸೂರು ನಿಸ್ಸಂದೇಹವಾಗಿ ಲಾಭ. ಉಳಿದವರು ಕೊಳ್ಳುತ್ತಿರುವುದು ಸಮಯವನ್ನು. ಅದು ಕೊಳ್ಳತಕ್ಕ ವಸ್ತುವೇ ಹೌದು, ಎಷ್ಟಕ್ಕೆ ಕೊಳ್ಳುತ್ತಿದ್ದೀರಿ ಎಂಬುದು ತಿಳಿದಿರಲಿ.

ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರಿಗೆ ಬಾಡಿಗೆ ಇಳಿದರೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿಯೂ ಇಳಿಯಬಹುದು. ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲದಿರುವುದರಿಂದ ವ್ಯತ್ಯಾಸವಿಲ್ಲ.

6. ಶಾಲೆ, ಆಸ್ಪತ್ರೆ

ಒಂಬತ್ತು, ಹತ್ತನೇ ತರಗತಿಯಲ್ಲಿ ಅಥವಾ ಪಿಯುಸಿಯ ನಡುವೆ ಮಕ್ಕಳನ್ನು ಎಬ್ಬಿಸಬೇಡಿ. ಉಳಿದವರಿಗೆ ಬೇಸಿಗೆ ರಜೆಯೇ ಸರಿಯಾದ ಕಾಲ, ಆದರೆ ಒಳ್ಳೆಯ ಶಾಲೆಗಳಲ್ಲಿ ಸೀಟು ಅದಕ್ಕೆ ಎಷ್ಟೋ ತಿಂಗಳು ಮೊದಲೇ ತುಂಬುತ್ತದೆ, ದಸರಾ ಕಳೆದ ಕೂಡಲೇ ವಿಚಾರಿಸಲು ಶುರು ಮಾಡಿ. ವರ್ಗಾವಣೆ ಪ್ರಮಾಣಪತ್ರದ ಜೊತೆಗೆ ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು (ರಾಜ್ಯದ ಶಾಲೆಗಳಲ್ಲಿ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ.

ಹಿರಿಯರ ಔಷಧಿ, ತಪಾಸಣೆಗೆ ಮೈಸೂರಿನಲ್ಲಿ ಕೊರತೆಯಿಲ್ಲ. ಹೃದ್ರೋಗಕ್ಕೆ ಜಯದೇವ ಸಂಸ್ಥೆ ಅಲ್ಲಿಯೂ ಇದೆ, ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆಗಳಿವೆ. ನಿಮ್ಹಾನ್ಸ್ ಅಥವಾ ಕಿದ್ವಾಯಿಯಲ್ಲಿ ಚಿಕಿತ್ಸೆ ಮುಂದುವರಿಯುತ್ತಿದ್ದರೆ ಎಷ್ಟು ದಿನಕ್ಕೊಮ್ಮೆ ಬೆಂಗಳೂರಿಗೆ ಬರಬೇಕಾದೀತು ಎಂದು ಅಲ್ಲಿನ ವೈದ್ಯರನ್ನೇ ಕೇಳಿ. ಕೆಲಸ ಬಿಟ್ಟ ದಿನ ಸಂಸ್ಥೆಯ ಗುಂಪು ವಿಮೆ ನಿಲ್ಲುತ್ತದೆ. ಸ್ವಂತ ವಿಮೆಯನ್ನು ರಾಜೀನಾಮೆಗೆ ಮುಂಚೆಯೇ ಮಾಡಿಸಿ, ಏಕೆಂದರೆ ಮೊದಲೇ ಇರುವ ಕಾಯಿಲೆಗಳಿಗೆ ಹೊಸ ವಿಮೆಯಲ್ಲಿ 3 ವರ್ಷದವರೆಗೆ ಕಾಯಬೇಕಾಗಬಹುದು.

7. ದಸರಾ ಬಿಟ್ಟು ಬೇರೆ ದಿನ ಹೋಗಿ ಇದ್ದು ನೋಡಿ

ದೀಪಾಲಂಕಾರದ ಹತ್ತು ದಿನ ನೋಡಿ ಊರನ್ನು ಒಪ್ಪಿಕೊಳ್ಳಬೇಡಿ. ಏಪ್ರಿಲ್‌ನಲ್ಲಿ ಎರಡು ವಾರದ ಮಟ್ಟಿಗೆ ಒಂದು ಮನೆ ಹಿಡಿದು, ರಜೆ ಹಾಕದೆ ಕೆಲಸ ಮಾಡುತ್ತಾ ಇದ್ದು ನೋಡಿ. ಮೈಸೂರು ಬೆಂಗಳೂರಿಗಿಂತ ಸುಮಾರು 150 ಮೀಟರ್ ತಗ್ಗಿನಲ್ಲಿದೆ, ಬೇಸಿಗೆಯ ಮಧ್ಯಾಹ್ನ ಅದು ಗೊತ್ತಾಗುತ್ತದೆ. ಅಲ್ಲಿ ಮೆಟ್ರೊ ಇಲ್ಲ. ನಗರ ಸಾರಿಗೆ ಬಸ್ಸುಗಳು ರಾತ್ರಿ ವಿರಳವಾಗುತ್ತವೆ, ಆದ್ದರಿಂದ ಹೊರವಲಯದ ಮನೆ ಎಂದರೆ ಮನೆಯ ಇಬ್ಬರಿಗೂ ಗಾಡಿ ಎಂದರ್ಥ.

ಕುವೆಂಪುನಗರ, ಸರಸ್ವತಿಪುರಂ, ಜಯಲಕ್ಷ್ಮೀಪುರಂನಂಥ ಹಳೆಯ ಬಡಾವಣೆಗಳಲ್ಲಿ ಬಾಡಿಗೆ ಹೆಚ್ಚು, ಅಂಗಡಿ ಆಸ್ಪತ್ರೆ ಎಲ್ಲ ಕಾಲ್ನಡಿಗೆಯಲ್ಲಿ. ವರ್ತುಲ ರಸ್ತೆಯಾಚೆಯ ಹೊಸ ಖಾಸಗಿ ಬಡಾವಣೆಗಳಲ್ಲಿ ಬಾಡಿಗೆ ಇಳಿಯುತ್ತದೆ, ನೀರು ಮತ್ತು ಒಳಚರಂಡಿಯ ಪ್ರಶ್ನೆ ಏಳುತ್ತದೆ. ಬೆಂಗಳೂರಿನ 2024ರ ಬೇಸಿಗೆಯ ನೀರಿನ ಬವಣೆಯಿಂದ ತಪ್ಪಿಸಿಕೊಂಡು ಬಂದವರು ಇಲ್ಲಿ ಮತ್ತೆ ಟ್ಯಾಂಕರ್‌ಗೆ ಫೋನ್ ಮಾಡುತ್ತಾ ಕೂರುವಂತಾಗಬಾರದು. ಮನೆ ನೋಡಲು ಹೋದಾಗ ಸಂಪಿನ ಮುಚ್ಚಳ ತೆಗೆಸಿ ನೋಡಿ. ಬೀಳುವ ಕೊಳವೆ ನದಿ ನೀರಿನದ್ದೋ ಬೋರ್‌ವೆಲ್‌ನದ್ದೋ ಎಂದು ಕೇಳಿ. ಬಕೆಟ್ಟಿನ ಒಳಮೈಯಲ್ಲಿ, ನಲ್ಲಿಯ ಬಾಯಲ್ಲಿ ಬಿಳಿಯ ಉಪ್ಪು ಕಟ್ಟಿದ್ದರೆ ಅದು ಗಡಸು ನೀರು. ಮಾಲೀಕರನ್ನು ಕೇಳಿದ ಪ್ರಶ್ನೆಯನ್ನೇ ಎದುರು ಮನೆಯವರನ್ನೂ ಕೇಳಿ: ನೀರು ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು ಬರುತ್ತದೆ, ಕಳೆದ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದ್ದಿರಾ?

8. ಮನೆ ಹಿಡಿಯುವಾಗ

ಮೊದಲ ವರ್ಷ ಬಾಡಿಗೆ ಮನೆಯಲ್ಲೇ ಇರಿ, ನಿವೇಶನ ಕೊಳ್ಳಬೇಡಿ. ಹೊಸಬರಿಗೆ ಅಗ್ಗವಾಗಿ ತೋರಿಸುವ ನಿವೇಶನಗಳಲ್ಲಿ ರೆವಿನ್ಯೂ ಸೈಟುಗಳೂ ಇರುತ್ತವೆ, ಅಂದರೆ ಕೃಷಿ ಜಮೀನನ್ನು ಭೂಪರಿವರ್ತನೆ, ಬಡಾವಣೆ ಮಂಜೂರಾತಿ ಇಲ್ಲದೆ ತುಂಡು ಮಾಡಿ ಮಾರುವಂಥವು. ಬೆಂಗಳೂರಿನ ಸ್ವಂತ ಮನೆಯಿದ್ದರೆ ಅದನ್ನು ಮಾರಬೇಡಿ, ಬಾಡಿಗೆಗೆ ಕೊಡಿ. ಹಿಂದಿರುಗುವ ದಾರಿ ಒಂದು ವರ್ಷವಾದರೂ ತೆರೆದಿರಲಿ.

ಭೋಗ್ಯಕ್ಕೆ ಸಿಗುವ ಮನೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. ತಿಂಗಳ ಬಾಡಿಗೆ ಇಲ್ಲದೆ ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು, ಮನೆ ಬಿಡುವಾಗ ಅದನ್ನು ಹಿಂಪಡೆಯುವ ವ್ಯವಸ್ಥೆ ಇದು. ಮಧ್ಯವರ್ತಿಯ ಕೈಗೆ ಹಣ ಕೊಡಬೇಡಿ. ಮಾಲೀಕರನ್ನು ಮುಖತಃ ಕಂಡು, ಋಣಭಾರ ಪ್ರಮಾಣಪತ್ರದಲ್ಲಿ ಮನೆಯ ಮೇಲೆ ಸಾಲವಿದೆಯೇ ನೋಡಿ, ಭೋಗ್ಯದ ಪತ್ರವನ್ನು ನೋಂದಾಯಿಸಿ. ಸಾಮಾನ್ಯ ಬಾಡಿಗೆಗೆ 11 ತಿಂಗಳ ಕರಾರು ರೂಢಿ. ವರ್ಷಕ್ಕೆ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾಗುವುದರಿಂದ ಆ ರೂಢಿ ಬಂದಿದೆ. ಅಡ್ವಾನ್ಸ್ ಎಷ್ಟು, ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ಎಷ್ಟು ದಿನದಲ್ಲಿ ಉಳಿದದ್ದನ್ನು ಕೊಡುತ್ತಾರೆ ಎಂಬುದು ಕರಾರಿನಲ್ಲೇ ಬರಲಿ. ಹಳೆಯ ಮನೆಯ ಅಡ್ವಾನ್ಸ್ ಕೈಗೆ ಬರುವ ಮೊದಲೇ ಹೊಸ ಮನೆಗೆ ಕೊಡಬೇಕಾಗುತ್ತದೆ, ಎರಡೂ ಕಡೆ ಹಣ ಸಿಕ್ಕಿಕೊಳ್ಳುವ ಆ ಒಂದೆರಡು ತಿಂಗಳಿಗೆ ಸಿದ್ಧರಿರಿ.

ಸಾಮಾನು ಸಾಗಿಸುವವರ ಜೊತೆ ಫೋನಿನಲ್ಲಿ ದರ ಮಾತಾಡಿ ಮುಗಿಸಬೇಡಿ. ಮನೆಗೆ ಬಂದು ಸಾಮಾನು ನೋಡಿ, ಪಟ್ಟಿ ಮಾಡಿ, ಹತ್ತಿಸುವ ಇಳಿಸುವ ಕೂಲಿ ಸೇರಿಸಿ ಬರೆದುಕೊಟ್ಟವರನ್ನೇ ಆರಿಸಿ. ಲಾರಿ ಹೊರಟ ಮೇಲೆ ದರ ಏರಿಸಿ, ಹಣ ಕೊಡುವ ತನಕ ಸಾಮಾನು ಇಳಿಸುವುದಿಲ್ಲ ಎಂದು ಹಟ ಹಿಡಿಯುವವರಿದ್ದಾರೆ. ಒಡವೆ ಮತ್ತು ದಾಖಲೆಗಳು ನಿಮ್ಮ ಜೊತೆಗೇ ಬರಲಿ.

9. ಹೋದ ಮೊದಲ ತಿಂಗಳಲ್ಲಿ

ಗೃಹಜ್ಯೋತಿಯ ಫಲಾನುಭವಿಗಳು ಹಳೆಯ ಮನೆಯ ಆರ್‌ಆರ್ ಸಂಖ್ಯೆಯಿಂದ (ವಿದ್ಯುತ್ ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆ) ತಮ್ಮ ಆಧಾರ್ ಅನ್ನು ಸೇವಾ ಸಿಂಧುವಿನಲ್ಲಿ ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ಹೊಸ ಮನೆಯಲ್ಲಿ ಸೌಲಭ್ಯ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಬೆಸ್ಕಾಂ, ಮೈಸೂರಿನಲ್ಲಿ ಸೆಸ್ಕ್, ಕಂಪನಿಯೇ ಬೇರೆ ಎಂಬುದು ನೆನಪಿರಲಿ. ವಾಹನದ ನೋಂದಣಿ ಸಂಖ್ಯೆಯನ್ನು ಬದಲಿಸಬೇಕಾಗಿಲ್ಲ, ರಾಜ್ಯದೊಳಗೆ ಮತ್ತೆ ಆಜೀವ ತೆರಿಗೆಯನ್ನೂ ಕಟ್ಟಬೇಕಾಗಿಲ್ಲ, ಆದರೆ ವಿಳಾಸ ಬದಲಾವಣೆಯನ್ನು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8. ಹೊಸಬರಿಗಾಗಿರುವ ನಮೂನೆ 6ನ್ನು ತುಂಬಿದರೆ ಹೆಸರು ಎರಡು ಕಡೆ ಸೇರಿ ತೊಡಕಾಗುತ್ತದೆ. ಗ್ಯಾಸ್ ಸಂಪರ್ಕ, ಬ್ಯಾಂಕ್, ವಿಮೆ, ಆಧಾರ್ ಇವುಗಳ ವಿಳಾಸಕ್ಕೆ ಹೊಸ ಬಾಡಿಗೆ ಕರಾರಿನ ಪ್ರತಿ ಬೇಕಾಗುತ್ತದೆ, ನಾಲ್ಕೈದು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ.